ಮ್ಯಾನೇಜರನ ಚೌಕಳಿ ಕೋಟು

ಕಚೇರಿಯೊಂದರ ಕತೆಯ ಆ ಹಾಸ್ಯ ಧಾರಾವಾಹಿಯಲ್ಲಿ ಮ್ಯಾನೇಜರನ ಪಾತ್ರದ ನಟರು ಬದಲಾಗುತ್ತಲೇ ಇದ್ದರು; ಅವನ ಚೌಕಳಿ ಕೋಟು ಮಾತ್ರ ಬದಲಾಗಲಿಲ್ಲ. ಮೊದಲನೆಯವನು ಸಿನಿಮಾಕ್ಕೆ ಹೋದ, ಎರಡನೆಯವನು ಜಗಳವಾಡಿ ಹೋದ. ನೋಡುಗರು ಗುರುತಿಸುವುದು ಕೋಟನ್ನೇ ಹೊರತು ಮುಖವನ್ನಲ್ಲ ಎಂಬುದು ನಿರ್ದೇಶಕರ ಸಿದ್ಧಾಂತ. ಅದಕ್ಕೆ ಪುರಾವೆ ಇರಲಿಲ್ಲ. ಬಂದವರ ಮೈಗೆಲ್ಲ ಅದನ್ನು ಹೊಂದಿಸುವ ಕೆಲಸವಂತೂ ಧಾರಾವಾಹಿಯ ಬಟ್ಟೆ ಹೊಲಿಯುವ ಸೂಜಿಯಕ್ಕನ ಪಾಲಿಗಿತ್ತು.

ಆಕೆ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. ಹೆಚ್ಚಾದದ್ದನ್ನು ಹೊಲಿಗೆಯೊಳಗೆ ಮಡಿಸಿಡುತ್ತಿದ್ದಳು. "ಹೋದೋರು ತಿರುಗಿ ಬಂದ್ರೆ?" ಎನ್ನುವಳು. ಹೊಲಿದದ್ದನ್ನು ಮನೆಯಲ್ಲಿ ಗಂಡನಿಗೆ ತೊಡಿಸಿ, ಅವನಿಗಿಂತ ಎಷ್ಟು ಬಿಗಿ, ಎಷ್ಟು ಸಡಿಲ ಎಂದು ನೋಡುವುದು ಆಕೆಯ ಕ್ರಮ. ಗಂಡನೂ ಅದೇ ಧಾರಾವಾಹಿಯ ನಟ: ಹಿಂದಿನ ಮೇಜಿನ ಗುಮಾಸ್ತ. ಹತ್ತು ಕಂತುಗಳಲ್ಲಿ ಕಡತಗಳಿಗೆ ಮುದ್ರೆ ಒತ್ತಿದ್ದನೇ ಹೊರತು ತುಟಿ ಬಿಚ್ಚಿರಲಿಲ್ಲ. ಮನೆಯಲ್ಲಿ ಕೋಟು ತೊಟ್ಟರೆ ಮಾತ್ರ ಮ್ಯಾನೇಜರನ ಮಾತುಗಳನ್ನೆಲ್ಲ ಅಕ್ಷರ ಬಿಡದೆ ಗದರುತ್ತಿದ್ದ. ಒಮ್ಮೆಯಾದರೂ ಆ ದನಿ ಟೀವಿಯಲ್ಲಿ ಕೇಳಲಿ ಎಂಬುದೊಂದೇ ಸೂಜಿಯಕ್ಕನ ಆಸೆ.

ಮೂರನೆಯ ಮ್ಯಾನೇಜರು ಬಂದ ದಿನ ಕೋಟು ಅವನ ಹೆಗಲಲ್ಲೇ ಸಿಕ್ಕಿಕೊಂಡಿತು.

"ಏನಕ್ಕಾ ಇದು, ತಮ್ಮನ ಕೋಟು ಅಣ್ಣನಿಗೆ ಹಾಕಿದ ಹಾಗಿದೆ!" ಎಂದರು ನಿರ್ದೇಶಕರು.

"ಇವರ ಅಳತೆ ಚೀಟಿ ಇಲ್ಲೇ ಮರೆತು ಹೋಗಿದ್ದೆ ಸರ್. ಕೈ ರೂಢಿ ನೋಡಿ, ನಮ್ಮನೆಯವರ ಮೈಗೇ ಹೊಲಿದುಬಿಟ್ಟಿದೆ. ಎರಡು ಗಂಟೆ ಕೊಡಿ, ಬಿಚ್ಚಿ ಹೊಲೀತೀನಿ."

"ಎರಡು ಗಂಟೆ ನಿಂತಿರೋಕೆ ನಾನೇನು ಅಂಗಡಿ ಬೊಂಬೆನಾ?" ಎಂದ ಹೊಸಬ, ಕೋಟನ್ನು ಕುರ್ಚಿಗೆಸೆದು ಹೊರಟೇಹೋದ.

ನಿರ್ದೇಶಕರು ತಲೆಯ ಮೇಲೆ ಕೈಹೊತ್ತು ಹಿಂದಿನ ಮೇಜಿನತ್ತ ನೋಡಿದರು. ಗುಮಾಸ್ತ ಎದ್ದು ಬಂದು ಕೋಟು ತೊಟ್ಟ. ಎಲ್ಲಿಯೂ ಒಂದು ಸುಕ್ಕಿಲ್ಲ.

"ಗುಮಾಸ್ತನಿಗೆ ಬಡ್ತಿ ಬಂತು ಅಂತ ಬರೆದುಬಿಡೋಣ. ಇವರಿಗೆ ಮಾತು ಬರುತ್ತಾ?"

"ಮಾತಾ? ನಿಲ್ಲಿಸೋದೇ ಕಷ್ಟ ಸರ್!" ಎಂದಳು ಸೂಜಿಯಕ್ಕ.

ಕ್ಯಾಮೆರಾ ಓಡಿತು. ಅವನು ಬಾಯಿ ತೆರೆದ. ಗಂಟಲಿನಿಂದ ಗಾಳಿ ಮಾತ್ರ ಹೊರಟಿತು. ನಿರ್ದೇಶಕರು ಕ್ಯಾಮೆರಾ ನಿಲ್ಲಿಸಿದರು. ಸೂಜಿಯಕ್ಕ ಕಾಲರು ಸರಿಪಡಿಸುವ ನೆಪದಲ್ಲಿ ಹತ್ತಿರ ಬಂದು, ಮನೆಯಲ್ಲಿ ದಿನವೂ ಅನ್ನುವುದನ್ನೇ ಅಂದಳು: "ಅಲ್ಲಾಡಬೇಡಿ, ಸೂಜಿ ಚುಚ್ಚುತ್ತೆ." ಅವನ ಹೆಗಲು ಸಡಿಲವಾಯಿತು. ಕ್ಯಾಮೆರಾ ಮತ್ತೆ ಓಡಿದಾಗ ಅವನು ಗದರಿದ ರಭಸಕ್ಕೆ ದೀಪ ಹಿಡಿದವನೂ ಬೆಚ್ಚಿದ.

ಆ ಕಂತೇ ಕೊನೆಯದಾಯಿತು. ನೋಡುವವರಿಲ್ಲವೆಂದು ವಾಹಿನಿ ಧಾರಾವಾಹಿಯನ್ನು ನಿಲ್ಲಿಸಿತು. ಸೂಜಿಯಕ್ಕ ಮಾತ್ರ ಆ ಕಂತನ್ನು ಟೀವಿಯ ದನಿಯನ್ನು ಪಕ್ಕದ ಮನೆಗೂ ಕೇಳುವಷ್ಟು ಏರಿಸಿ ನೋಡಿದಳು.

"ಅದ್ಸರಿ ಕಣೇ, ಆ ಚೀಟಿ ನಿಜವಾಗ್ಲೂ ಮರೆತಿದ್ಯಾ?" ಎಂದು ಗಂಡ ಕೇಳಿದ.

ಆಕೆ ಬಾಯಲ್ಲಿ ಸೂಜಿ ಕಚ್ಚಿಕೊಂಡು, ಬೇರೆ ಯಾರದೋ ಅಂಗಿಯನ್ನು ಅವನ ಮೈಗೆ ಹಿಡಿದಳು.

"ಸುಮ್ನೆ ತೋಳೆತ್ತಿ."