ಮೆಲ್ಬರ್ನ್ ರಸ್ತೆಯಲ್ಲಿ ಮುರಿದ ಸಾಲು

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನ ಆಫೀಸಿನಿಂದ ಹೊರಬಿದ್ದಾಗಲೇ ನನಗೆ ಸಾಕಾಗಿತ್ತು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಒಂದು ಕೈಯಲ್ಲಿ ಟ್ರಾಲಿ, ಇನ್ನೊಂದರಲ್ಲಿ ದಾರದಿಂದ ಕಟ್ಟಿದ ನಾಲ್ಕು ಹುಲ್ಲಿನ ಟೋಪಿಗಳು. ನಡುವೆ ಮಡಚಿದ ದೋಸೆಯಂತಿರುವ ಈ ಜಪಾನಿ ಟೋಪಿಗಳು ಯಾವ ಪೆಟ್ಟಿಗೆಯಲ್ಲೂ ಹಿಡಿಯುವುದಿಲ್ಲ. ಮೆಟ್ರೋ ಹತ್ತಿ, ಸೆಂಟ್ರಲ್‌ನಲ್ಲಿ ಬದಲಿಸಿ ಏರ್‌ಪೋರ್ಟ್ ಸೇರಿದೆ. ಅಲ್ಲಿ ರೈಲಿನ ದರಕ್ಕಿಂತ ಸ್ಟೇಷನ್ನಿನ ಶುಲ್ಕವೇ ಹೆಚ್ಚು. ಕೂಸಿಗಿಂತ ಕುಲಾವಿ ದೊಡ್ಡದು. ತಪಾಸಣೆಯವನು ಟೋಪಿಗಳನ್ನು ತಿರುಗಿಸಿ ನೋಡಿ, "ಇದು ತಿನ್ನೋದಾ?" ಎಂದು ಕೇಳಿದ. ನಗಲು ಕೂಡ ತ್ರಾಣವಿರಲಿಲ್ಲ.

ನಮ್ಮದು ಹನ್ನೆರಡು ಜನರ ತಂಡ. ಜಪಾನಿನ ಬೀದಿಗಳಲ್ಲಿ ಸಾಲಾಗಿ ಸಾಗುತ್ತ ಕುಣಿಯುವ 'ಆವಾ ಓದೊರಿ' ನಮ್ಮ ಕುಣಿತ. ಸಿಡ್ನಿಯಲ್ಲಿ ಇದನ್ನು ಕಲಿಸುವ ಮಿಚಿಕೋ-ಸಾನ್ ನಿವೃತ್ತ ಶಾಲಾ ಶಿಕ್ಷಕಿ, ಎಪ್ಪತ್ತೆರಡು ವರ್ಷ. 'ಸಾನ್' ಎಂಬುದು ಜಪಾನಿಗಳು ಗೌರವಕ್ಕೆ ಹೆಸರಿನ ಮುಂದೆ ಸೇರಿಸುವ ಮಾತು. ಮೆಲ್ಬರ್ನ್‌ನ ಒಂದು ಜಪಾನಿ ಬೀದಿ ಹಬ್ಬದಲ್ಲಿ ಶನಿವಾರ ನಮ್ಮ ಎರಡು ಪ್ರದರ್ಶನಗಳಿದ್ದವು. ಸಾಲಿನಲ್ಲಿ ನನ್ನದು ಮೂರನೆಯ ಜಾಗ, ಅದೂ ಷರತ್ತಿನ ಮೇಲೆ.

ಷರತ್ತಿನ ಕಥೆ ಹೇಳಲೇಬೇಕು. ಸಣ್ಣವಳಿದ್ದಾಗ ಧಾರವಾಡದಲ್ಲಿ ಏಳು ವರ್ಷ ಭರತನಾಟ್ಯ ಕಲಿತವಳು ನಾನು. ಟೀಚರ್ ಮಣೆಯ ಮೇಲೆ ಕೋಲಿನಿಂದ ಎರಡು ಪೆಟ್ಟು ಹಾಕಿದರೆಂದರೆ ನಾವು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಮಿಚಿಕೋ-ಸಾನ್ ಅವರ ಡೋಲು ಕೂಡ ಹಾಗೆಯೇ ಎರಡು ಪೆಟ್ಟಿನಿಂದ ಶುರುವಾಗುತ್ತದೆ. ಆದರೆ ಇಲ್ಲಿ ಆ ಎರಡು ಪೆಟ್ಟಿಗೆ ಸಾಲು ಮುಂದಕ್ಕೆ ಹೆಜ್ಜೆ ಇಡಬೇಕು. ಅಭ್ಯಾಸದಲ್ಲಿ ಎರಡು ಸಲ ನಾನು ಬಗ್ಗಿದೆ, ಎರಡು ಸಲವೂ ಹಿಂದಿನವರು ನನಗೆ ಡಿಕ್ಕಿ ಹೊಡೆದರು. "ಸುಮಾ-ಸಾನ್, ಸಾಲು ಒಂದೇ ದೇಹ. ಮೆಲ್ಬರ್ನ್‌ನಲ್ಲಿ ಇನ್ನೊಮ್ಮೆ ಹೀಗಾದರೆ ನೀವು ಕುಣಿಯೋದಿಲ್ಲ, ಮುಂದೆ ಲಾಟೀನು ಹಿಡಿದು ನಡೀತೀರಿ" ಎಂದಿದ್ದರು ಅವರು.

ನಲವತ್ತಾರು ವರ್ಷದವಳಿಗೆ ಆ ಜಾಗದ ಮೇಲೆ ಅಷ್ಟೇಕೆ ಆಸೆ ಎಂದರೆ, ಆ ಟೋಪಿಯ ಕೆಳಗೆ ಮುಖ ಕಾಣುವುದಿಲ್ಲ. ನಾನಿರುವ ಗಿರಾವೀನ್‌ನಲ್ಲಿ ಯಾರು ಸಿಕ್ಕರೂ ಮಾರ್ಟ್‌ಗೇಜ್, ಮಕ್ಕಳ ಕೋಚಿಂಗ್, ಅದೇ ಮಾತು. ವಾರಕ್ಕೆ ಎರಡು ಗಂಟೆ ನಾನು ಯಾರ ಆಂಟಿಯೂ ಅಲ್ಲದೆ, ಹನ್ನೆರಡರಲ್ಲಿ ಒಬ್ಬಳಾಗಿ ಇರುತ್ತಿದ್ದೆ. ಅದನ್ನು ಕಳೆದುಕೊಳ್ಳಲು ನನಗೆ ನಿಜಕ್ಕೂ ಹೆದರಿಕೆಯಿತ್ತು.

ಒಂದೂವರೆ ಗಂಟೆಯ ಹಾರಾಟ. ಇಳಿದಾಗ ಹನ್ನೊಂದು ಡಿಗ್ರಿ, ಜೊತೆಗೆ ಕೊರೆಯುವ ಗಾಳಿ. ತಂಡದವರು ಹೋಟೆಲಿಗೆ ಹೋದರು, ನಾನು ಊರ ಹೊರವಲಯದ ವಿಂಡಮ್ ವೇಲ್‌ನ ಶಾಂತಾಳ ಮನೆಗೆ. ಬೆಳಗಾವಿಯ ಶಾಂತಾ ನನ್ನ ಹಳೆಯ ಗೆಳತಿ, ನನಗಿಂತ ಚಿಕ್ಕವಳು. ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿ, ಕುಣಿಯುವಾಗ ಹಾಕುವ ನನ್ನ ಮರದ ಚಪ್ಪಲಿ ಎತ್ತಿ ನೋಡಿದಳು.

"ಅಕ್ಕಾ, ಸುಮ್ಮ ಮನ್ಯಾಗ ಕುಂತು ಉಣ್ಣೂದು ಬಿಟ್ಟು, ಈ ಕಟ್ಟಗಿ ಮ್ಯಾಲೆ ನಿಂತು ಕುಣಿಯೂ ಹಣೇಬರಾ ಯಾಕ ನಿಂಗ?"

"ಗೊತ್ತಿಲ್ಲವ್ವಾ. ರೊಟ್ಟಿ ಇನ್ನೊಂದು ಹಾಕು" ಎಂದೆ.

ಶನಿವಾರ ಹನ್ನೊಂದಕ್ಕೆ ಮೊದಲ ಪ್ರದರ್ಶನ. ಮುಚ್ಚಿದ ರಸ್ತೆಯ ಎರಡೂ ಬದಿಗೆ ಅಂಗಡಿಗಳು, ಸುಟ್ಟ ಮೀನಿನ ಹೊಗೆ, ಹೆಗಲ ಮೇಲೆ ಮಕ್ಕಳನ್ನು ಹೊತ್ತ ಅಪ್ಪಂದಿರು. ಡೋಲು ಎರಡು ಪೆಟ್ಟು ಹಾಕಿತು. ನಾನು ಹಲ್ಲು ಕಚ್ಚಿ ಕುಣಿತಕ್ಕೆ ಎತ್ತಿದ ಕೈ ಇಳಿಸಲಿಲ್ಲ, ಬಗ್ಗಲಿಲ್ಲ. ಇನ್ನೂರು ಮೀಟರ್ ರಸ್ತೆಯನ್ನು ಒಂದು ತಪ್ಪೂ ಇಲ್ಲದೆ ಮುಗಿಸಿದೆ. ಮಿಚಿಕೋ-ಸಾನ್ ತಲೆಯಾಡಿಸಿದರು. ನನಗೆ ಮಾತ್ರ ಕೈ ತೊಳೆಯದೆ ಊಟಕ್ಕೆ ಕೂತ ಹಾಗೆ ಕಸಿವಿಸಿಯಾಯಿತು.

ಎರಡನೆಯದು ಮೂರು ಗಂಟೆಗೆ. ಅಷ್ಟರಲ್ಲಿ ಒಂದು ಮಳೆ ಬಂದು ಹೋಗಿ ಬಿಸಿಲು ಬಿದ್ದಿತ್ತು. ಚಪ್ಪಲಿಯ ಬಾರು ಉಜ್ಜಿ ಬೆರಳ ಸಂದಿ ಸುಲಿದಿತ್ತು. ಮೊಣಕಾಲಿನ ಪಟ್ಟಿ ಸಡಿಲಾಗಿ ಜಾರುತ್ತಿತ್ತು. ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಎಚ್ಚರದಿಂದ ಇರಲು ಕೂಡ ಶಕ್ತಿ ಬೇಕಲ್ಲ. ಡೋಲು ಎರಡು ಪೆಟ್ಟು ಹಾಕಿತು, ನನ್ನ ಕೈ ತನ್ನಷ್ಟಕ್ಕೆ ನೆಲಕ್ಕೆ ಹೋಯಿತು.

ಹಿಂದಿದ್ದ ಸ್ಯಾಂಡ್ರಾ ನನ್ನ ಮೇಲೆ ಮುಗ್ಗರಿಸಿ ಬಿದ್ದಳು. ಅವಳ ಟೋಪಿ ಉರುಳಿಕೊಂಡು ಐಸ್‌ಕ್ರೀಮ್ ಅಂಗಡಿಯವರೆಗೆ ಹೋಯಿತು. ಇದೂ ಕುಣಿತದ ಭಾಗ ಎಂದುಕೊಂಡ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ನಾನು ನಾಚಿಕೆಯಿಂದ ಸತ್ತೆ.

ಸ್ಯಾಂಡ್ರಾಳ ಅಂಗೈ ತರಚಿತ್ತು. "ಬಿಡು, ನಾನು ನರ್ಸ್, ಇದೆಲ್ಲ ಏನೂ ಅಲ್ಲ" ಎಂದಳು. ಮಿಚಿಕೋ-ಸಾನ್ ಅವಳ ಕೈಗೆ ಪಟ್ಟಿ ಕಟ್ಟಿದರು.

ಸಂಜೆ ಶಾಂತಾ ಉಪ್ಪು ಹಾಕಿದ ಬಿಸಿನೀರಿನಲ್ಲಿ ನನ್ನ ಕಾಲು ಇಳಿಬಿಡಿಸಿದಳು. "ಬೈದ್ರೇನು ಅವ್ರು?"

"ಇಲ್ಲ. ಬೈದಿದ್ರ ಚೊಲೋ ಇತ್ತು."

ಭಾನುವಾರ ಬೆಳಗಿನ ವಿಮಾನದಲ್ಲಿ ನನ್ನ ಸೀಟು ಮಿಚಿಕೋ-ಸಾನ್ ಪಕ್ಕದಲ್ಲೇ. ವಿಮಾನ ಮೇಲೇರಿದ ಮೇಲೆ ಅವರು ನನ್ನತ್ತ ತಿರುಗಿ ಕೇಳಿದರು, "ಬಗ್ಗಿ ಏನು ಮಾಡ್ತೀರಿ?"

"ನೆಲದ ಕ್ಷಮೆ ಕೇಳ್ತೀವಿ. ಇನ್ನು ಅದರ ಮೇಲೆ ಕಾಲು ಬಡೀತೀವಲ್ಲ, ಅದಕ್ಕೆ."

"ನೀವು ತಂಡ ಸೇರಿ ಆರು ತಿಂಗಳಾಯಿತು. ಯಾಕೆ ಹೇಳಲಿಲ್ಲ? ನಿಮಗೆ ತಲೆ ಸುತ್ತು ಬರುತ್ತೆ ಅಂದ್ಕೊಂಡಿದ್ದೆ."

ಆಫೀಸಿನಲ್ಲಾಗಲಿ ಇಲ್ಲಾಗಲಿ, ಇಂಥದನ್ನು ವಿವರಿಸಿ ಹೇಳುವುದಕ್ಕಿಂತ ನುಂಗಿಕೊಳ್ಳುವುದು ಸುಲಭ ಎಂದು ನಾನು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದೆ.

ಸಿಡ್ನಿಯಲ್ಲಿ ಇಳಿದು ಬ್ಯಾಗಿಗಾಗಿ ಕಾಯುತ್ತ ನಿಂತಾಗ ಅವರು ತೀರ್ಪು ಕೊಟ್ಟರು. "ಮುಂದಿನ ಹಬ್ಬಕ್ಕೆ ನೀವು ಲಾಟೀನು. ಹೇಳಿದ ಮಾತು ಮಾತೇ. ಅದರ ಮುಂದಿನದಕ್ಕೆ ಮೂರನೆಯ ಜಾಗ. ಡೋಲು ಹೊಡೆಯೋ ಮೊದಲು ಹತ್ತು ಸೆಕೆಂಡ್ ಎಲ್ಲರೂ ನಿಲ್ಲೋಣ. ಅಷ್ಟರಲ್ಲಿ ಮುಗಿಸಿ."

"ಸಾಕು" ಎಂದೆ.

ಅವರು ಕೈಯಲ್ಲಿದ್ದ ಟೋಪಿಗಳನ್ನು ನನಗೆ ಕೊಟ್ಟು, ಗಡಿಯಾರ ನೋಡಿಕೊಂಡು, ಅಷ್ಟು ಜನರ ನಡುವೆ ಬಗ್ಗತೊಡಗಿದರು. ಬಹಳ ನಿಧಾನವಾಗಿ ಬಗ್ಗಿ, ಎರಡು ಬೆರಳಿನಿಂದ ಏರ್‌ಪೋರ್ಟಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಏಳಲು ನನ್ನ ತೋಳು ಹಿಡಿಯಬೇಕಾಯಿತು. ಮತ್ತೆ ಗಡಿಯಾರ ನೋಡಿದರು.

"ಹತ್ತು ಸಾಲದು," ಎಂದರು. "ನನ್ನ ಮೊಣಕಾಲಿಗೆ ಹದಿನೈದು ಬೇಕು."