ನನ್ನ ಗುರುತು ಮರೆತ ಕಾವಲು

ಎಂಬತ್ತರ ದಶಕದ ಕೊನೆಯಲ್ಲಿ ಹೊಸೂರಿನ ಒಂದು ಕೈಗಡಿಯಾರದ ಕಾರ್ಖಾನೆಯಲ್ಲಿ ನನ್ನ ಕೆಲಸ, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಿಂದ ಎತ್ತಿ ಕೂರಿಸುವುದು. ಆಗಲೇ ನನ್ನ ಬೆರಳುಗಳು ಬಾಳೆಕಾಯಿಯಾಗಲು ತೀರ್ಮಾನಿಸಿದವು. ಬೆಳಗ್ಗೆ ಎದ್ದರೆ ಗೆಣ್ಣುಗಳೆಲ್ಲ ಊದಿ ಬಿಗಿ. ನಮ್ಮೂರು ಬೇರಿಕೆಯಿಂದ ಮೊದಲ ಬಸ್ಸಿಗೆ ಹೊರಡುವ ನನಗೆ, ಮೀಸೆ ಬಂದ ಗಂಡಸಿಗೆ, ಅಮ್ಮ ಅಂಗಿ ಗುಂಡಿ ಹಾಕುತ್ತಿದ್ದಳು. ಸಂಜೆ ಬಸ್ಸಿನಲ್ಲಿ ನಿಂತೇ ನಿದ್ದೆ. ಮೈ ನೋವಿಗಿಂತ ಸುಸ್ತೇ ದೊಡ್ಡದು.

ಕೂರಿಸಿದ ಸ್ಕ್ರೂಗಳಿಗಿಂತ ಬೀಳಿಸಿದವೇ ಹೆಚ್ಚಾಗಿ, ಅರ್ಧ ಪಾಳಿ ಮೇಜಿನಡಿಯೇ ಕಳೆಯುತ್ತಿತ್ತು. ಸೂಪರ್‌ವೈಸರ್ ಬಗ್ಗಿ, "ಅಲ್ಲೇ ಒಂದು ಬೆಂಚು ಹಾಕಿಸ್ಕೊಡ್ಲೇನಪ್ಪಾ?" ಎಂದರು. ನಗು ಮುಗಿದ ಮೇಲೆ, ಕೈ ಸರಿಹೋಗದಿದ್ದರೆ ಈ ಬೆಂಚಿನ ಕೆಲಸ ಬಿಡಬೇಕಾದೀತು ಎಂದು ಮೆತ್ತಗೆ ಹೇಳಿದರು.

ಡಾಕ್ಟರು ಗೆಣ್ಣು ಒತ್ತಿ ನೋಡಿದರು. "ತಂಬಿ, ರೋಗದ ಮೇಲೆ ಬೀಳೋಕೆ ಮೈಯೊಳಗೆ ಕಾವಲು ಕಣಗಳಿರ್ತವೆ. 'ಇದು ನಮ್ದೇ, ಬಿಡು' ಅಂತ ಅವನ್ನ ತಡೆಯೋ ಕಣಗಳೂ ಇರ್ತವೆ. ನಿನ್ನಲ್ಲಿ ಆ ತಡೆ ಸಡಿಲ ಆಗಿದೆ. ಕಾವಲೇ ನಿನ್ನ ಕೀಲು ಕಚ್ತಾ ಇದೆ."

"ಎಲ್ಲಾನೂ ಮಲಗಿಸ್ಬುಡಿ ಸಾರ್."

"ಪೂರ್ತಿ ಮಲಗಿಸಿದ್ರೆ, ದಾರಿಲಿ ಹೋಗೋ ನೆಗಡಿನೂ ಒಳಗೆ ಬಂದು ಚಾಪೆ ಹಾಸ್ತದೆ," ಎಂದು ಕಾವಲು ತುಸುವೇ ತಗ್ಗುವಷ್ಟು ಮಾತ್ರೆ ಬರೆದುಕೊಟ್ಟರು.

ಅಮ್ಮನಿಗೆ ಹೇಳಿದೆ. ನನಗಿಂತ ಬೇಗ ಅವಳಿಗೆ ಅರ್ಥವಾಯಿತು. ನಮ್ಮ ಕಡೆ ಹೊಸ ಸೊಸೆ ಬಂದರೆ, ರಾಗಿಮುದ್ದೆಯನ್ನು ಅಂಗೈಯಲ್ಲಿ ಹಿಸುಕಿ ಮನೆಯ ನಾಯಿಗೆ ಹಾಕುತ್ತಾಳೆ. ಆ ವಾಸನೆ ಹಿಡಿದ ನಾಯಿ ಆಮೇಲೆ ಅವಳನ್ನು ಕಚ್ಚುವುದಿಲ್ಲ.

"ನಿನ್ ಮೈಗೆ ನಿನ್ ವಾಸ್ನೆನೇ ಮರ್ತೋಗ್ಯದೆ ಕಣ್ಲಾ. ಹಿಸುಕು," ಎಂದು ಬಿಸಿ ಮುದ್ದೆ ಕೈಗಿಟ್ಟಳು. ಊದಿದ ಬೆರಳು ಸುಟ್ಟೂ ಹೋಯಿತು. "ಈಗ ತಿನ್ನು."

"ನಾಯಿ ಪಾಲು ನಂಗಾ?"

"ಕಚ್ಚೋದು ನಿನ್ನೊಳಗೇ ತಾನೇ ಇರೋದು? ಅಲ್ಗೇ ಹೋಗ್ಲಿ."

ಬೇಗ ಗುಣವಾಗಲೆಂದು ಮೂರು ಮುದ್ದೆ ಹಿಸುಕಿ ನುಂಗಿದೆ. ತನ್ನ ಪಾಲಿನ ಕಳ್ಳನನ್ನು ನೋಡುವಂತೆ ಬಾಗಿಲಲ್ಲಿ ನಾಯಿ ನೋಡುತ್ತಿತ್ತು. ಮರುದಿನ ಹೊಟ್ಟೆ ಹೊತ್ತು ಓಡಲಾರದೆ ಬಸ್ಸೂ ತಪ್ಪಿತು.

ಮಾತ್ರೆಯಿಂದ ನೋವು ತುಸು ತಗ್ಗಿತು, ಬೆರಳು ಸಣ್ಣಗಾಗಲಿಲ್ಲ. ಕೆಲವು ತಿಂಗಳಲ್ಲಿ ನನ್ನ ಬೆಂಚಿಗೆ ಬೇರೊಬ್ಬ ಬಂದ. ನನ್ನನ್ನು ಡಬ್ಬ ಕಟ್ಟುವ ಕಡೆ ಹಾಕಿದರು. ಡಬ್ಬಗಳು ಬಿದ್ದರೆ ಕಾಣುತ್ತವೆ.

ಅಂದು ಸಂಜೆ ಅಮ್ಮ ನನ್ನ ಗುಂಡಿ ಬಿಚ್ಚುತ್ತ ಕೇಳಿದಳು, "ಇವತ್ತಾದ್ರೂ ಒಳಗಿನ ನಾಯಿ ನಿನ್ ಗುರ್ತು ಹಿಡೀತೇನ್ಲಾ?"

"ಇಲ್ಲಮ್ಮ, ಇನ್ನೂ ಬೊಗಳ್ತಾನೇ ಅದೆ."

ಅವಳು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.