ಬಂದವರಿಗೆಂದು ಬಿಟ್ಟ ಅನ್ನ

ಒಬ್ಬರಿಗೆ ಅಡುಗೆ ಮಾಡುವುದು ಸುಲಭ, ಖರ್ಚೂ ಕಡಿಮೆ ಎನ್ನುವವರು ಒಮ್ಮೆ ನನ್ನ ಜೊತೆ ಸಂಭಾಜಿನಗರದ ಮಾರ್ಕೆಟ್ಟಿಗೆ ಬರಬೇಕು. ಬ್ಯಾಂಕಿನವರು ಅಲ್ಲಿಗೆ ವರ್ಗ ಮಾಡಿದರೆಂದು ನಾನು ಗಂಡನನ್ನೂ ಕಾಲೇಜು ಓದುವ ಮಗಳನ್ನೂ ನಾಸಿಕದಲ್ಲಿ ಬಿಟ್ಟು, ಒಂದು ಕೋಣೆ ಹಿಡಿದು ಕೂತಿದ್ದೇನೆ. ಎರಡೇ ಬದನೆಕಾಯಿ ಕೇಳಿದರೆ ತರಕಾರಿಯವಳು ನಗುತ್ತಾಳೆ. ಮೆಂತ್ಯದ ಕಟ್ಟನ್ನು ಅರ್ಧ ಮಾಡಿ ಕೊಡುವುದಿಲ್ಲ. ಇಡೀ ಕಟ್ಟು ತಂದರೆ ಸೋಮವಾರ ಮೆಂತ್ಯದ ಪಲ್ಯ, ಮಂಗಳವಾರ ಮೆಂತ್ಯದ ಬೇಳೆ, ಬುಧವಾರ ಉಳಿದದ್ದು ಹಳದಿಯಾಗಿ ಕಸದ ಬುಟ್ಟಿಗೆ. ಇದು ಅಗ್ಗವಂತೆ.

ನನ್ನ ಕೈಗೂ ಬುದ್ಧಿಯಿಲ್ಲ. ಅಕ್ಕಿ ಡಬ್ಬಿಗೆ ಇಳಿದರೆ ಮೂವರಿಗೆ ಆಗುವಷ್ಟು ಎತ್ತಿಕೊಂಡೇ ಮೇಲೆ ಬರುತ್ತದೆ. ಇದು ಸಾಲದು ಎಂಬಂತೆ ಅವ್ವನ ನೇಮ ಬೇರೆ. ಧಾರವಾಡದ ನಮ್ಮ ಮನೆಯಲ್ಲಿ ಪಾತ್ರೆ ಬಳಿದು ಉಣ್ಣುವಂತಿರಲಿಲ್ಲ. ಎಲ್ಲರೂ ಉಂಡ ಮೇಲೂ, ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಬಂದರೆ ಇರಲಿ ಎಂದು ಒಂದು ಹಿಡಿ ಅನ್ನ ಉಳಿಸಬೇಕಿತ್ತು. ತುಂಬಿದ ಮನೆಯಲ್ಲಿ ಆ ಹಿಡಿ ಯಾವ ಲೆಕ್ಕ? ಒಬ್ಬಳಿಗೆ ಅದೇ ಅರ್ಧ ಊಟ. ನನ್ನ ಕೋಣೆಗೆ ಯಾರೂ ಬರುವುದಿಲ್ಲ. ಆದರೂ ಉಳಿಸುತ್ತೇನೆ, ಬೆಳಿಗ್ಗೆ ಅದಕ್ಕೇ ಒಗ್ಗರಣೆ ಹಾಕಿ ಗೊಣಗುತ್ತ ತಿನ್ನುತ್ತೇನೆ.

ಮೊದಮೊದಲು ನಾಸಿಕದಿಂದ ದಿನಾ ಫೋನು. ಬೇಳೆಗೆ ಎಷ್ಟು ಸೀಟಿ, ಸಾರಿಗೆ ಎಷ್ಟು ಹುಣಸೆ, ಸಾಸಿವೆ ಯಾಕೆ ಸೀದಿತು. ಒಂದು ಸಾರು ಬರುವುದಿಲ್ಲವೇ ಎಂದು ಅಪ್ಪ ಮಗಳಿಬ್ಬರನ್ನೂ ಬೈಯುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ. ನಾನಿಲ್ಲದೆ ಆ ಅಡುಗೆಮನೆ ನಡೆಯಬಾರದು, ಅಷ್ಟೇ ನನ್ನ ಆಸೆ. ಮುಚ್ಚಿಡುವುದೇನಿದೆ.

ಬರಬರುತ್ತ ಫೋನು ಕಡಿಮೆಯಾಯಿತು. ತಡೆಯಲಾರದೆ ನಾನೇ ಮಾಡಿ, ಹಿಡಿ ಅನ್ನ ಉಳಿಸಿದಿರಾ ಎಂದು ಕೇಳತೊಡಗಿದೆ. ಈಗ ಹೇಳದೆ ಕೇಳದೆ ಯಾರು ಬರುತ್ತಾರೆ, ಎಲ್ಲರೂ ಮೆಸೇಜ್ ಮಾಡಿಯೇ ಬರುತ್ತಾರಲ್ಲ ಎಂದು ಮಗಳು ಅರ್ಧ ಮರಾಠಿಯಲ್ಲಿ ವಾದ ಹೂಡಿದಳು. ಬಂದರೆ ಇರಲಿ, ಉಳಿಸು ಎಂದು ಗದರಿದೆ.

ಬ್ಯಾಂಕಿರುವ ಶನಿವಾರ ಕೆಲಸ ಮುಗಿಸಿ ರಾತ್ರಿ ನಾಸಿಕದ ಮನೆ ಸೇರುವುದು ನನ್ನ ರೂಢಿ. ಅಂಥದೊಂದು ಶನಿವಾರ ರಜೆ ಸಿಕ್ಕಿತು. ಯಾರಿಗೂ ಹೇಳದೆ ಬೆಳಿಗ್ಗೆಯೇ ಹೊರಟೆ. ದಾರಿಯಲ್ಲಿ ಯೇವಲಾದಲ್ಲಿ ಬಸ್ಸು ನಿಂತಾಗ ಹೊಟ್ಟೆ ಚುರುಗುಟ್ಟುತ್ತಿದ್ದರೂ ವಡಾಪಾವ್ ತಿನ್ನಲಿಲ್ಲ. ಮನೆಗೆ ಹೋಗಿ ಬಿಸಿ ಅಡುಗೆ ಮಾಡಿ ಮೂವರೂ ಉಣ್ಣೋಣ ಎಂದುಕೊಂಡಿದ್ದೆ.

ಹೋಗಿ ನೋಡಿದರೆ ಇಬ್ಬರದೂ ಊಟ ಮುಗಿದಿತ್ತು. ತಟ್ಟೆ ತೊಳೆದು ಬೋರಲು ಹಾಕಿದ್ದರು. ಇಬ್ಬರ ಅಳತೆಗೇ ಮಾಡಿದ ಸಾರಿನ ಪಾತ್ರೆಯೂ ಖಾಲಿ. ಮಗಳು ಅನ್ನದ ಪಾತ್ರೆಯ ಮುಚ್ಚಳ ತೆಗೆದಳು. ತಳದಲ್ಲಿ ಹಿಡಿ ಅನ್ನ, ಪಕ್ಕದ ಬಟ್ಟಲಲ್ಲಿ ಒಂದು ಸೌಟು ಸಾರು.

"ಯಾರರೆ ಬಂದ್ರ ಇರ್ಲಿ ಅಂತ ಇಟ್ಟಿದ್ದೆ ಮಮ್ಮಿ," ಎಂದಳು. "ನೀನ ಹೇಳಿದ್ಯಲ್ಲ."

ಕೂತು ಉಣ್ಣತೊಡಗಿದೆ. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿತ್ತು. ಬೈಯಲು ಒಂದು ಕಾರಣವೂ ಸಿಗದೆ ಸಿಟ್ಟೇ ಬಂತು. ಅಷ್ಟರಲ್ಲಿ ಗಂಡ ಎದುರಿಗೆ ಬಂದು ನಿಂತರು.

"ಸಂಕೋಚ ಮಾಡ್ಕೋಬ್ಯಾಡ," ಎಂದರು. "ಇನ್ನೊಂದೀಟು ಅನ್ನಕ್ಕ ಇಡ್ತೀನಿ."

ನನ್ನ ಮನೆಯಲ್ಲಿ ನನಗೇ ಈ ಉಪಚಾರ. ಕಣ್ಣು ತುಂಬಿತು, ಸಾರು ಖಾರ ಎಂದೆ. ಅನ್ನ ಬೇಡವೆಂದು ಪಾತ್ರೆಯನ್ನೇ ಎಳೆದುಕೊಂಡು, ಒಂದು ಅಗುಳೂ ಬಿಡದೆ ಬಳಿದು ಉಂಡೆ. ಇನ್ನು ಯಾರಿಗೆಂದು ಉಳಿಸಲಿ, ಬರಬೇಕಾದವಳು ಬಂದಾಗಿತ್ತು.